ಕೋರ್ಟಿಗೆ ಹೋಗದ ಪುಸ್ತಕಗಳು

ಟುನಿಸ್‌ನಿಂದ ಬರುವ ಕೊನೆಯ ಟ್ಯಾಕ್ಸಿ ಅವನನ್ನು ಕವಲುದಾರಿಯಲ್ಲಿ ಇಳಿಸಿ ಹೋದಾಗ ರಾತ್ರಿ ಹನ್ನೆರಡು. ಅಲ್ಲಿಂದ ಮನೆಗೆ ಹಳೇ ಬಾವಿಯ ಪಕ್ಕದ ಕಾಲುದಾರಿ. ನಮ್ಮ ಪಕ್ಕದ ಮನೆ ಲಝರ್‌ನ ವಿಷಯ ಹೇಳುತ್ತಿದ್ದೇನೆ. ಪುರಸಭೆಯಲ್ಲಿ ಜನನ-ಮರಣ ಬರೆಯುವ ಗುಮಾಸ್ತ. ಕುಡಿಯುವವನಲ್ಲ.

ನಿಯಮ ಒಂದಿದೆ. ಊರಲ್ಲಿ ಮಗು ಹುಟ್ಟಿದರೆ ಎರಡು ಪುಸ್ತಕದಲ್ಲಿ ಬರೆಯಬೇಕು. ಒಂದು ಪುರಸಭೆಯಲ್ಲಿರುತ್ತದೆ, ಇನ್ನೊಂದು ವರ್ಷದ ಕೊನೆಗೆ ಕೋರ್ಟಿಗೆ ಹೋಗುತ್ತದೆ. ಒಂದು ಹಾಳಾದರೆ ಇನ್ನೊಂದಿರಲಿ ಅಂತ. ಲಝರ್ ಎರಡರಲ್ಲೂ ದುಂಡಗೆ ಬರೆಯುತ್ತಿದ್ದ. ಕೋರ್ಟಿಗೆ ಒಯ್ಯಲು ಮಾತ್ರ ಜೀಪಿನ ಪೆಟ್ರೋಲಿಗೆ ಸಹಿ ಬೇಕು. ಸಹಿ ಹಾಕುವವರು ರಜೆಯಲ್ಲಿರುತ್ತಿದ್ದರು. ಹೀಗೆ ಹನ್ನೊಂದು ವರ್ಷ. ಪ್ರತಿ ವರ್ಷದ ಎರಡೂ ಪುಸ್ತಕಗಳು ಪುರಸಭೆಯ ನೆಲಮಾಳಿಗೆಯ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಸುರಕ್ಷಿತವಾಗಿ ಕೂತಿದ್ದವು.

ಬಾವಿಯ ಹತ್ತಿರ ಏನೋ ಸದ್ದು... ರಾಟೆಯದಲ್ಲ. ಕಪ್ಪೆಯದೂ ಅಲ್ಲ. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸುವ ಸದ್ದು. ಪಚಕ್... ಸರ್ರ್... ಪಚಕ್... ಸರ್ರ್...

ಕಟ್ಟೆಯ ಮೇಲೆ ಒಬ್ಬರು ಕೂತಿದ್ದರು. ತಯ್ಯೆಬ್. ಲಝರ್‌ಗಿಂತ ಮುಂಚಿನ ಗುಮಾಸ್ತರು. ತೀರಿಕೊಂಡು ಆರು ವರ್ಷ.

"ಲಝರಾ... ಎರಡನೇ ಪುಸ್ತಕ ಎಲ್ಲೋ?"

"ಕೋ... ಕೋರ್ಟಿಗೆ ಹೋಯ್ತು, ಯಜಮಾನ್ರೇ."

"ನಾನು ಅಲ್ಲಿಂದಾನೇ ಬರ್ತಿರೋದು. ಬಂದಿಲ್ಲ."

"ಜೀಪು ಸಿಗ್ಲಿಲ್ಲ..."

"ನಂಗೂ ಸಿಗ್ಲಿಲ್ಲ. ನಡ್ಕೊಂಡ್ ಹೋದೆ."

ತಯ್ಯೆಬ್ ಎದ್ದು ನಿಂತರು. ಆಮೇಲೆ ಪಿಸುದನಿಯಲ್ಲಿ, "ಬೆಳಗಾದ್ರೆ ನೀರು ಬರುತ್ತೆ, ಮಗಾ." ಅಷ್ಟೇ. ಕಟ್ಟೆ ಖಾಲಿ.

ಮನೆಗೆ ಓಡಿ ಬಂದು ಹೇಳಿದಾಗ ಹೆಂಡತಿ ಮಬ್ರೂಕ ಎಲ್ಲವನ್ನೂ ಕೇಳಿಸಿಕೊಂಡಳು.

"ದೆವ್ವ ಕಂಡ್ರೆ ಜನ ಖುರಾನ್ ಓದ್ತಾರೆ. ನೀವು ಅದಕ್ಕೂ ಸುಳ್ಳು ಹೇಳಿದ್ರಾ?"

"ಬಾಯಿಗೆ ಅದೇ ಬಂತು ಕಣೇ."

"ಬರದೇ ಏನು, ಅಭ್ಯಾಸ. ಏಳಿ ಮೇಲೆ! ನಮ್ ಹುಡುಗಿ ಹುಟ್ಟಿದ್ದಕ್ಕೂ ಅದೇ ಪುಸ್ತಕ ಸಾಕ್ಷಿ. ಜೂನಲ್ಲಿ ಪರೀಕ್ಷೆ. ಜನನಪತ್ರ ಇಲ್ದೆ ಕೂರಿಸ್ತಾರಾ? ತಮ್ಮನ ಪಿಕಪ್ ಕೀಲಿ ನನ್ ಹತ್ರಾನೇ ಇದೆ. ಇದರ ಪೆಟ್ರೋಲಿಗೆ ಯಾರ ಸಹೀನೂ ಬೇಡ."

ಲಝರ್‌ನ ಕೀಲಿಯಿಂದ ನೆಲಮಾಳಿಗೆ ತೆರೆದು, ಪಿಕಪ್‌ನಲ್ಲಿದ್ದ ಆಲಿವ್ ಮೂಟೆಗಳ ನಡುವೆ ಕೋರ್ಟಿನ ಪಾಲಿನ ಹನ್ನೊಂದು ಪುಸ್ತಕ ಹೇರಿಕೊಂಡು ಹೊರಟರು. ಬೆಳಗಿನ ಜಾವ ಕೋರ್ಟಿನ ಕಾವಲುಗಾರ ಆಕಳಿಸುತ್ತ ಬಂದ. "ಇಷ್ಟ್ ವರ್ಷ ಇಲ್ದಿರೋ ಅವಸರ ಈಗೇನಪ್ಪಾ?" ಎಂದ. ಎಣಿಸಿಕೊಂಡು ರಸೀದಿ ಕೊಟ್ಟ. ಲಝರ್ ನೋಡದೆ ಜೇಬಿಗಿಟ್ಟ.

ವಾಪಸು ಬರುವಷ್ಟರಲ್ಲಿ ಮಳೆ ಹಿಡಿಯಿತು. ಹಳ್ಳ ಉಕ್ಕಿ ನೆಲಮಾಳಿಗೆ ತುಂಬಿತು. ಅಲ್ಲಿ ಉಳಿದಿದ್ದ ಪುಸ್ತಕಗಳು ಗಂಜಿಯಾದವು. ಹನ್ನೊಂದು ವರ್ಷಗಳಲ್ಲಿ ಹುಟ್ಟಿದ ಊರಿನ ಮಕ್ಕಳೆಲ್ಲ ಕೋರ್ಟಿನ ಕಪಾಟಿನಲ್ಲಿ ಬೆಚ್ಚಗೆ ಉಳಿದುಕೊಂಡರು. ಲಝರ್‌ನ ಮಗಳು ಪರೀಕ್ಷೆ ಬರೆದಳು. ಪುರಸಭೆ ತನ್ನ ಮುಂದಾಲೋಚನೆಗೆ ತಾನೇ ಅಭಿನಂದನಾ ಸಭೆ ನಡೆಸಿ, ಗಾಜಿನ ಕಟ್ಟು ಹಾಕಿಸಲು ರಸೀದಿ ಕೇಳಿತು.

ಆಗ ಲಝರ್ ಅದನ್ನು ಬಿಡಿಸಿ ನೋಡಿದ. 'ತಂದುಕೊಟ್ಟವರು' ಅನ್ನುವಲ್ಲಿ ಇದ್ದದ್ದು ಅವನ ಸಹಿಯಲ್ಲ. ಮರುದಿನವೇ ಹೋಗಿ ಕಾವಲುಗಾರನನ್ನು ಕೇಳಿದ.

"ನಿಮ್ ಎರಡೂ ಕೈಲಿ ಪುಸ್ತಕ ಇತ್ತಲ್ಲ, ಅಣ್ಣಾ. ಜೊತೇಲಿದ್ದ ಅಜ್ಜ ಹಾಕ್ಕೊಟ್ರು."

ಸಹಿ ತಯ್ಯೆಬ್ ಅವರದು. ಇದೆಲ್ಲ ನಡೆದು ಎರಡು ವರ್ಷವಾಯಿತು. ಮುಟ್ಟಿದರೆ ಆ ಸಹಿಯ ಮಸಿ ಇವತ್ತಿಗೂ ಬೆರಳಿಗೆ ಹತ್ತುತ್ತದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು... ನನ್ನ ಬೆರಳಿಗೂ ಹತ್ತಿದೆ.