ಲಟ್ಟಣಿಗೆ ಇಲ್ಲದ ಚಪಾತಿ

...ಎಂತ ಶಂಕರಿ, ಹಾಗೆ ನೋಡುವುದು? ಯಾತ್ರಿಕರ ಬಸ್ಸು ಹೋಗಿ ಒಂದು ಗಂಟೆ ಆಯ್ತು. ನೀನು ಇನ್ನೂ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೀ. ಕೂತುಕೋ ಮಾರಾಯ್ತಿ. ಸೋಮವಾರ ಮಿಲಿಟ್ರಿ ಕ್ಯಾಂಪಿಗೆ ಹೊರಡುವವನು ನಾನು, ಎರಡು ಮಾತಾಡುವ.

ಚಪಾತಿ ಮಾಡದೆ ಎಂತ ಮಾಡುವುದು, ಹೇಳು. ಮೂಡಬಿದ್ರೆ ಬಸದಿ ನೋಡಿ ಬಂದ ಉತ್ತರದ ಜೈನರು. ಹೊತ್ತು ಕಂತುವ ಮೊದಲು ಉಣ್ಣಬೇಕು, ಅನ್ನ ಬೇಡ, ಚಪಾತಿಯೇ ಆಗಬೇಕು. ಪೂರಿಗೆ ತಂದ ಹಿಟ್ಟು ಇತ್ತು. ಗುರುವಾಯನಕೆರೆಯಲ್ಲಿ ಹೋಟೆಲು ಇಟ್ಟುಕೊಂಡು ಹಸಿದವರನ್ನು ಕಳಿಸ್ಲಿಕ್ಕೆ ಆಗ್ತದಾ?

ಹೌದು, ಲಟ್ಟಣಿಗೆ ಮುಟ್ಟಲಿಲ್ಲ. ಕೈಯಲ್ಲೇ ತಟ್ಟಿದೆ. ಎಂಬತ್ತೇನೂ ಆಗಿರ್ಲಿಕ್ಕಿಲ್ಲ... ಲೆಕ್ಕ ಮಾಡಿದ್ದೀಯಾ? ಹಾಗಾದ್ರೆ ಎಂಬತ್ತು.

ಕಲಿತದ್ದು ಎಲ್ಲಿ ಅಂದ್ರೆ... ಕ್ಯಾಂಪಿನಲ್ಲಿ ನೋಡಿದ್ದು. ಕೋವಿ ಹೆಗಲಿಗೆ ಹಾಕಿಕೊಂಡು ಹೋಗುವಾಗ ಅಲ್ಲಿಯ ಅಡುಗೆಮನೆ ಕಾಣ್ತದೆ. ದೂರದಿಂದ. ಕೆಲವರಿಗೆ ನೋಡಿದ್ರೂ ವಿದ್ಯೆ ಹತ್ತುತ್ತದೆ... ಯಾಕೆ ನಗುವುದು?

ಆಯ್ತು. ಒಂದು ವರ್ಷ ಅಡುಗೆಗೆ ಹಾಕಿದ್ರು. ...ಎರಡು. ...ಹಾಗೆ ನೋಡ್ಬೇಡ, ಏಳೂ ವರ್ಷ. ಎಪ್ಪತ್ತೇಳರಲ್ಲಿ ಟೆರಿಟೋರಿಯಲ್ ಆರ್ಮಿಗೆ ಸೇರುವಾಗ, ಊರಿನಲ್ಲಿ ಎಂತ ಕೆಲಸ ಅಂತ ಕೇಳಿದ್ರು. ಹೋಟೆಲು ಅಂದೆ. ಸೌಟು ಕೊಟ್ರು. ವರ್ಷಕ್ಕೆ ಎರಡು ತಿಂಗಳಾದ್ರೂ ಈ ಒಲೆಯಿಂದ ತಪ್ಪಿಸಿಕೊಳ್ಳುವ ಅಂತ ಹೋದವನು... ಅಲ್ಲ, ದೇಶಸೇವೆಗೆ. ದೇಶಸೇವೆಗೇ ಹೋದದ್ದು.

ಹೋಟೆಲಿನವನಿಗೆ ಎಂತ ಮಿಲಿಟ್ರಿ ಅಂತ ನಿನ್ನ ಅಣ್ಣ ರಮಾನಾಥ ನಗಾಡಿದಾಗ, "ಇವರು ಕೋವಿ ಹಿಡಿಯುವವರು" ಅಂತ ಅವನ ಬಾಯಿ ಮುಚ್ಚಿಸಿದವಳು ನೀನು. ಮತ್ತೆ ಸೌಟಿನ ಸಂಗತಿ ಹೇಗೆ ಹೇಳುವುದು? ನಾಚಿಕೆಯಾಯ್ತು. ಅದಕ್ಕೇ ಅಲ್ವಾ ಸಿಟ್ಟು?

...ಅದಕ್ಕಲ್ವಾ?

ಅಲ್ಲಿಯೂ ಸುಖ ಇಲ್ಲ ಶಂಕರಿ. ಬೆಳಿಗ್ಗೆ ನಾಲ್ಕಕ್ಕೆ ಏಳ್ಬೇಕು. ಒಬ್ಬನೇ ಅಂತಲ್ಲ, ಹನ್ನೊಂದು ಜನ ಇರ್ತೇವೆ. ಮಧ್ಯಾಹ್ನದ ಮೇಲೆ ಸ್ವಲ್ಪ... ಮಲಗ್ಲಿಕ್ಕೆ ಉಂಟು.

ಆ ಕೈ ಯಾಕೆ ಮುಂದೆ ಹಿಡಿಯುವುದು? ನೋಡಿದ್ದೇನೆ. ಹೋದ ವರ್ಷ ನಾನು ಕ್ಯಾಂಪಿನಲ್ಲಿದ್ದಾಗ ಸಾಂಬಾರು ಬಿದ್ದು ಸುಟ್ಟದ್ದು. ಇಲ್ಲಿ ಒಬ್ಬಳೇ ಇದ್ದೆ, ಗೊತ್ತುಂಟು. ನಾನು ಎಂತ ಮಾಡುವುದು? ಒಮ್ಮೆ ಸೇರಿದ್ರೆ ಸರಕಾರ ಬಿಡುವುದಿಲ್ಲ ಅಂತ ಆಗಲೇ ಹೇಳಿದ್ದೇನಲ್ಲ...

ಎಂತಾದ್ರೂ ಹೇಳು. ಬೈಯಿ ಬೇಕಾದ್ರೆ.

...ಬಿಡ್ತದೆ. ಸರಕಾರ ಬಿಡ್ತದೆ. ಏಳು ವರ್ಷದ ಕರಾರು ಹೋದ ಕ್ಯಾಂಪಿಗೇ ಮುಗಿದಿತ್ತು. ಮನೆಗೆ ಹೋಗ್ತೀಯಾ ಅಂತ ಅವರೇ ಕೇಳಿದ್ರು. ಇನ್ನೂ ಇರ್ತೇನೆ ಅಂತ ಸಹಿ ಹಾಕಿದವನು ನಾನೇ. ನಿನ್ನ ಕೈ ಸುಟ್ಟ ಸುದ್ದಿಯ ಕಾಗದ ಬಂದು ಆಗ ನಾಲ್ಕು ದಿನ ಆಗಿತ್ತು. ತಪ್ಪಾಯ್ತು. ದೊಡ್ಡ ತಪ್ಪೇ ಆಯ್ತು.

ಸೀರೆ ಎಲ್ಲ ಯಾಕೆ ಮಡಚುವುದು? ಕಕ್ಕಿಂಜೆಗಾ, ಅಣ್ಣನ ಮನೆಗೆ? ಹೋಗಿ ಬಾ, ನಾನು ಬೇಡ ಅನ್ನುವುದಿಲ್ಲ. ಎರಡು ಬೆರಳು ಎಂತಕ್ಕೆ ತೋರಿಸುವುದು? ಎರಡು ದಿನವಾ? ...ವಾರವಾ?

...ಅಲ್ಲ ಮಾರಾಯ್ತಿ, ಸೋಮವಾರದ ಕ್ಯಾಂಪು ಎಂತ ಆಗುವುದು? ಎರಡು ತಿಂಗಳು ಈ ಹೋಟೆಲು ನಾನು ಒಬ್ಬನೇ ಹೇಗೆ ನಡೆಸುವುದು?