ಮೂರು ಗಿಟಾರಿನೊಳಗ ಯಾವುದು ಛಲೋ

…ಅಲ್ಲಿಡಬ್ಯಾಡ, ಅಲ್ಲಿಡಬ್ಯಾಡ! ಬಿಸಲು ಬೀಳ್ತದ, ಅಂಟು ಬಿಡ್ತದ. ಇಲ್ಲಿಡು, ನನ್ನ ಟೇಬಲ್ ಮ್ಯಾಲ. ಹಾಂ… ಈಗ ಹೇಳು. ನನ್ನ ಮಾರಿ ನೋಡಿ ಹೇಳು, ಅಮೂಲ್ಯಾ. ವಾಪಸ್ ಕೊಡ್ಲಾಕ ಬಂದೀ? ವಾಪಸ್ ಅಂದ್ರ ಏನವ್ವಾ? ಅಪ್ಪ ಮಗಳಿಗಿ ಕೈಯಾರೆ ಮಾಡಿ ಕೊಟ್ಟ ಗಿಟಾರು ಅದು. ಔರಂಗಾಬಾದಿನ ಹಾಸ್ಟೆಲಿನಿಂದ ನಾಸಿಕ್ ರೋಡ್ ತನಕ ಐದು ತಾಸು ಎಸ್‌ಟಿ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಬಂದೀ, ಇಲ್ಲಿ ಬಿಟ್ಟು ಹೋಗ್ಲಾಕ! ಇದೆಂಥಾ ಸಿಟ್ಟು?

ಏನು? ಮೊದಲ ಒಂದು ಫೋನ್ ಮಾಡಿ ಬರಬಾರದಿತ್ತೇನು ಅಂತ ನಾನೇ ಕೇಳ್ಬೇಕಂತಿದ್ದೆ… ಮಾಡಿದ್ದೀ? ನಾ ಎತ್ತಲಿಲ್ಲ? ಕೆಲಸ ಇರ್ತದವ್ವಾ. ಕೈತುಂಬ ಅಂಟು ಇರ್ತದ. ಮೆಸೇಜ್ ಕಳಸು ಅಂತ ಎಷ್ಟು ಸಲ ಹೇಳೀನಿ. ಬಾಯಿಗಿ ಅಡ್ಡ ಕೈ ಇಟ್ಕೊಂಡು ಮಾತಾಡಬ್ಯಾಡ. ಮತ್ತ ಮರಾಠ್ಯಾಗ ಬ್ಯಾಡ, ಕನ್ನಡದಾಗ ಮಾತಾಡು, ಸಾವಕಾಶ ಮಾತಾಡು. ಮನಿ ಮಾತು ಮರತೀಯೇನು? ನಮ್ಮೂರು ಭಾಲ್ಕಿಗಿ ಹೋದ್ರ ಮಂದಿ ನಗ್ತಾರ, ಸಂಗಮನಾಥ ಮಿಸ್ತ್ರಿ ಮಗಳಿಗಿ ಕನ್ನಡ ಬರಲ್ಲ ಅಂತ.

ಕೂಡು. ಆ ಸ್ಟೂಲು ಅಲ್ಲ, ಇದು. ಬೆಳಕು ನಿನ್ನ ಮಾರಿ ಮ್ಯಾಲ ಇರಲಿ. ಚಾ ಕುಡಿತೀ? ಬ್ಯಾಡ? ಬ್ಯಾಡಾದ್ರ ಬಿಡು.

ಕೇಳು. ನೀ ಬಂದಿದ್ದು ಛಲೋ ಆಯ್ತು. ನಾನೂ ಹೇಳಬೇಕಂತಿದ್ದೆ, ಈ ಸಣ್ಣ ಗಿಟಾರು ಬಿಡು, ಬ್ಯಾರೆ ತಗೋ ಅಂತ. ತಪ್ಪು ನಿಂದಲ್ಲ, ಇದರದು. ಇದರ ಹೊಟ್ಟಿ ಸಣ್ಣದು. ಅಗೋ, ಆ ದೊಡ್ಡದು ನೋಡು, ಗ್ವಾಡಿಗಿ ತೂಗಬಿಟ್ಟೀನಲ್ಲ, ಅದು ಒಯ್ಯಿ. ಹೋದ ವಾರನೇ ಮುಗಿಸೀನಿ. ಅದಕ್ಕಿಂತ ಛಲೋ ಗಿಟಾರು ಈ ಅಂಗಡ್ಯಾಗ ಇಲ್ಲ, ಪೂರಾ ನಾಸಿಕಿನ್ಯಾಗ ಇಲ್ಲ…

ಯಾಕ ನಗ್ಲತ್ತಿ?

ಹೌದು, ಅಂದಿದ್ದೆ. ಕುಂಬಳಕಾಯಿ ಅಂದಿದ್ದೆ. ದೊಡ್ಡ ಗಿಟಾರು ಕೇಳಿದವರಿಗೆಲ್ಲ ‘ಕುಂಬಳಕಾಯಿ ಬೇಕಾದ್ರ ಮಂಡಿಗಿ ಹೋಗ್ರಿ’ ಅಂತ ಅಂದು ಕಳಿಸ್ತಿದ್ದೆ. ನಿನಗ ನೆನಪದ! ಮನಷ್ಯಾನ ಬುದ್ಧಿ ಬದಲ್ ಆಗಬಾರದೇನು? ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡೀನಿ, ಬದಲ್ ಮಾಡ್ಲಾಕ ನನಗ ಹಕ್ಕದ.

ಬಾ, ಮೂರೂ ಸಾಲಿಗಿ ಇಡ್ತೀನಿ. ನೋಡು.

ಇದು ಸಣ್ಣದು, ನಿಂದು. ಹಿಂದಿನ ಹಲಗಿ ಶೀಶಮ್. ಯಾವ ಶೀಶಮ್? ನಮ್ಮವ್ವ ಮಲ್ಲಮ್ಮನ ಮಂಚದ ತಲಿ ಕಡಿ ಹಲಗಿ. ಅರವತ್ತು ವರ್ಷ ಒಣಗಿದ ಕಟಿಗಿ. ಮುಂದಿಂದು ಸ್ಪ್ರೂಸ್, ಮುಂಬೈಯಿಂದ ತಂದಿದ್ದು. ಇದರ ದನಿ… ಒಂದೊಂದು ತಂತಿ ಬ್ಯಾರೆ ಬ್ಯಾರೆ ಕೇಳ್ತದ. ಆರು ಮಂದಿ ಒಬ್ಬರ ಮಾತು ಒಬ್ಬರು ತುಂಡು ಮಾಡದೆ ಮಾತಾಡಿದಂಗ. ದಪ್ಪ ತಂತಿ ಮಾತ್ರ ಗದರಲ್ಲ, ಮೆಲ್ಲಕ ಹೇಳ್ತದ. ಸಣ್ಣ ಖೋಲ್ಯಾಗ ಇದರಂಥಾದ್ದು ಇಲ್ಲ.

ಇದು ನಡುವಿಂದು. ಹಿಂದ ಮಹಾಗನಿ, ಮುಂದ ಸೀಡರ್. ಸೀಡರ್ ಮೆತ್ತನ್ನ ಕಟಿಗಿ, ಉಗುರು ಒತ್ತಿದ್ರ ಗುರುತು ಬೀಳ್ತದ. ಬೆರಳಿಲೆ ಬಾರಿಸೋರಿಗಿ ಇದು. ಮುಟ್ಟಿದ್ರ ಸಾಕು, ಬೆಚ್ಚಗ ಮಾತಾಡ್ತದ. ಜೋರು ಹೊಡದ್ರ ಮಾತ್ರ ಕಲಸಿ ಹೋಗ್ತದ, ಯಾವ ತಂತಿ ಯಾವುದು ಅಂತ ತಿಳಿಯಲ್ಲ.

ಮತ್ತ ಇದು… ಇದು! ಭುಜ ನೋಡು ಹೆಂಗ ಅಗಲ ಅವ. ಹೊಟ್ಟಿ ಆಳ ನೋಡು, ಐದು ಇಂಚಿನ ಹತ್ರ. ಹಿಂದಿಂದು ಸಾಗವಾನಿ. ಸಾಗವಾನಿ ಯಾರೂ ಹಾಕಲ್ಲ, ನಾ ಹಾಕೀನಿ. ಇದರ ದಪ್ಪ ತಂತಿ ಮುಟ್ಟಿದ್ರ ಎದಿಗಿ ಬಡಿತದ, ಎಲುವಿನ ತನಕ ಬರ್ತದ. ಹಿಂಗ ಎದಿಗಿ ಒತ್ತಿ ಹಿಡಿ, ಗದ್ದ ಇದರ ಅಂಚಿಗಿ ಇಡು… ನಾ ದಿನಾ ಮುಂಜಾನೆ ಇದನ್ನ ಹಿಂಗ ಹಿಡದು ಕೂಡ್ತೀನವ್ವಾ. ಇದೊಂದೇ ಈಗ ನನಗ…

ಯಾಕ ಸುಮ್ನಾದಿ? ಓ… ಗಾಡಿ. ಹಾಂ ಹಾಂ, ಗಾಡಿ ಹೋಗ್ಲತ್ತದ. ಕಪಾಟಿನ ಗ್ಲಾಸು ನಡಗ್ಲತ್ತದ ನೋಡು. ಸ್ಟೇಷನ್ ಹತ್ರ ಅಂಗಡಿ ಇಟ್ರ ಇದೇ ಹಣೆಬರಹ. ಹೋಯ್ತೇನು? ಹೇಳು.

ಗ್ಯಾದರಿಂಗ್? ನಿಮ್ಮ ಕಾಲೇಜಿನ ವಾರ್ಷಿಕೋತ್ಸವ? ಅದ್ಯಾಕ ಈಗ? ಅಮೂಲ್ಯಾ, ಅದು ಮುಗದು ಹೋದ ಮಾತು. ಜನವರಿದು, ಈಗ ಏಪ್ರಿಲ್ ಬಂತು. ನಿಮ್ಮ ಕಾಲೇಜಿನ ಹಾಡಾಟ ಬಾರಿಸಾಟದಾಗ ಏನೋ ಒಂದು ಆಯ್ತು, ಮರತುಬಿಡು. ನಾ ಮರತೀನಿ.

ನೀ ಮರತಿಲ್ಲ… ಮುನ್ನೂರು ಮಂದಿ ಮುಂದ. ಹೌದು, ಗೊತ್ತದ. ನಾನೂ ಅಲ್ಲೇ ಇದ್ದೆನಲ್ಲ, ಎರಡನೇ ಸಾಲಿನ್ಯಾಗ. ನಿನ್ನ ಗಿಟಾರಿನ ತಂತಿ ನಾನೇ ಬಿಗದು ಕೊಟ್ಟಿದ್ದೆ ಅವತ್ತು ಸಂಜಿಕಿ, ಸ್ಟೇಜಿನ ಹಿಂದ ನಿಂತು. ನಿಮ್ಮ ಸಂಗೀತದ ಹರಿದಾಸ ಸರ್ ಕೀಬೋರ್ಡ್ ಹಿಡಿದ್ರು, ನೀ ಗಿಟಾರು ಹಿಡಿದಿ, ನಡುವ ನಿಲ್ಲಿಸಿದಿ. ಮೈಕಿನ್ಯಾಗ ‘ಅಪ್ಪಾ, ಗಿಟಾರಿನ ಶ್ರುತಿ ಇಳದದ’ ಅಂದಿ. ನಿನ್ನ ಬಾಯಿ ನೋಡಿದೆ ನಾ. ಕಿವಿ ಹಿಂಡಲಾಕ ಕೈ ಹಾಕಿದಿ… ಗಿಟಾರಿನ ಕಿವಿ ಅಂತೀನಿ, ತಂತಿ ಬಿಗಿಯೋ ಗುಂಡಿ. ಆಗ ನಾ ಎದ್ದೆ.

ಅಂದೆ. ಅಂದಿದ್ದು ಖರೆ. ‘ಮುಟ್ಟಬ್ಯಾಡ ಅದನ್ನ! ನಾ ಬಿಗದೀನಿ, ಅದು ಸರಿ ಅದ. ನಿನಗ ಕಿವಿ ಇಲ್ಲ!’ ಅಂತ ಕೂಗಿದೆ. ಮಂದಿ ನಕ್ರು. ನೀ ಹಂಗೇ ಬಾರಿಸಿದಿ, ಕಣ್ಣೀರು ಸುರಿಸ್ಕೋತ, ಕಡಿ ತನಕ.

ಹಂಗ ನೋಡಬ್ಯಾಡ ನನ್ನ. ಅಪ್ಪ ಆದಾಂವ ಒಂದು ಮಾತು ಅನ್ನಬಾರದೇನು? ನಮ್ಮಪ್ಪ ನನಗ ಎಷ್ಟು ಅಂದಾನ! ಗಿಟಾರು ಬಿಡಂತ ನಾ ಅಂದಿಲ್ಲ. ಕ್ಲಾಸಿಗಿ ಹೋಗೋದು ನೀ ಬಿಟ್ಟಿ. ಹರಿದಾಸ ಸರ್ ಎರಡು ಸಲ ಕಾಗದ ಬರದ್ರು, ಹುಡುಗಿಗಿ ಕಳಸ್ರಿ ಅಂತ. ನೀನೇ ಒಲ್ಲೆ ಅಂದಿ. ನನಗ ಕಿವಿ ಇಲ್ಲ, ನಮ್ಮಪ್ಪನೇ ಹೇಳ್ಯಾನ ಅಂದಿ. ನಾ ಏನ್ ಮಾಡ್ಲಿ?

ಬಿಡು. ಬಿಡು, ಬಿಡು. ಅದಕ್ಕೇ ಹೇಳ್ಲತ್ತೀನಿ, ಸಣ್ಣ ಗಿಟಾರಿಂದು ದೊಡ್ಡ ಹಾಲಿನ್ಯಾಗ ದನಿ ಸಾಲಲ್ಲ. ಅದಕ್ಕ ನಿನಗ ಇಳದಂಗ ಕೇಳಿಸ್ತು. ದೊಡ್ಡದು ಒಯ್ಯಿ. ಮತ್ತ ಶುರು ಮಾಡು. ನಿನ್ನ ಕಾಲು ಬೀಳ್ತೀನಿ ಅನ್ಲೇನು? ಶುರು ಮಾಡವ್ವಾ. ನಿನ್ನ ಬೆರಳು ಕೊಡು. ನೋಡಿಲ್ಲಿ, ತುದಿ ಎಲ್ಲ ಮೆತ್ತಗಾಗ್ಯಾವ. ಮೂರು ತಿಂಗಳು ತಂತಿ ಮುಟ್ಟಿಲ್ಲ ನೀ.

ಏನು? ಮೂರೂ ಬಾರಸ್ತೀನಿ, ನೀ ಹೇಳು ಯಾವುದು ಛಲೋ ಅಂತೀ? ಹಾಂ! ಹಿಂಗ ಬಾ ದಾರಿಗಿ! ಬಾರಸು, ಬಾರಸು.

ಮೊದಲ ದೊಡ್ಡದು. ತಡಿ, ನಾ ಹಿಂದ ಕೈ ಇಡ್ತೀನಿ. ಕಟಿಗಿ ಎಷ್ಟು ನಡಗ್ತದ ಅಂತ ಕೈಗಿ ತಿಳೀಬೇಕು, ಮಿಸ್ತ್ರಿಗಳ ಪದ್ಧತಿ ಇದು. ಹಾಂ… ಆಹಾ! ನೋಡು ಹೆಂಗ ಬಡಿತು! ಹಲಗಿ ಉಸರಾಡ್ಲತ್ತದ. ಇನ್ನೊಮ್ಮೆ ದಪ್ಪ ತಂತಿ… ಆಹಾಹಾ.

ನಡುವಿಂದು. ಹಾಂ… ಹಾಂ. ಬಂತು, ಸ್ವಲ್ಪ ಮೆತ್ತಗ. ಹೇಳಿದ್ನಲ್ಲ, ಸೀಡರ್ ಮೆತ್ತಗ.

ಈಗ ನಿಂದು. ಕೊಡು, ಕೈ ಇಡ್ತೀನಿ… ಯಾಕ? ಕೈ ಇಡಬ್ಯಾಡ? ಅಲ್ಲೇ ನಿಂತು ಕೇಳು ಅಂತೀ? ಅದೂ… ಪದ್ಧತಿ ಹಂಗಿಲ್ಲವ್ವಾ… ಆಯ್ತು. ಆಯ್ತು, ಮಗಳು ಅಂದ ಮ್ಯಾಲ ಮುಗೀತು. ಇಲ್ಲೇ ನಿಂದರ್ತೀನಿ. ಅರವಿ? ಅರವಿ ಯಾಕ? ಧೂಳು ಒರಸ್ಲಾಕ? ತಗೋ, ಇದು ಹಳದಿದು ಸ್ವಚ್ಛ ಅದ. ಆ ಕಡೆ ತಿರುಗಿ ಯಾಕ ಕುಂತಿ? ನಾಚಿಗಿ? ಅಪ್ಪನ ಮುಂದ ಎಂಥಾ ನಾಚಿಗಿ! ಆಯ್ತಪ್ಪಾ, ನಿನ್ನ ಖುಷಿ. ಶುರು ಮಾಡು.

…

ಹಾಂ. ನಡೀತು ನೋಡು ಕೈ. ಮರತಿಲ್ಲ, ಮೊಣಕೈ ನೋಡಿದ್ರೇ ತಿಳಿತದ. ಆಹಾ… ಅದಕ್ಕೇ ಅನ್ನೋದು ಶೀಶಮ್ ಅಂತ! ಸಣ್ಣ ತಂತಿ ಹೆಂಗ ಮಿನಗ್ಲತ್ತದ, ಒಂದೊಂದು ಬ್ಯಾರೆ ಬ್ಯಾರೆ… ಬಿಗಿ ಸರಿ ಅದ, ಎಲ್ಲ ಸರಿ ಅದ. ನಮ್ಮವ್ವ ಇದ್ದಿದ್ರ ಕೇಳಿ ಕಣ್ಣೀರು ಹಾಕ್ತಿದ್ದಳು. ಇಷ್ಟು ಛಂದ ನೀ ಎಂದೂ ಬಾರಸಿಲ್ಲ. ಯಾಕ ನಿಲ್ಲಿಸಿದಿ? ಬಾರಸು! ಇಂಥಾ ದನಿ ಬಿಟ್ಟು ಹೋಗ್ತೀನಂತಿಯಲ್ಲ, ನಿನಗ…

ಯಾಕ ಹಿಂಗ ನೋಡ್ಲತ್ತಿ?

ಏನದು? ಏನು ತೋರಸ್ಲತ್ತಿ… ತಂತಿ ಬುಡಕ್ಕ…

ಅರವಿ.

ಅರವಿ ತುರುಕೀದಿ. ತಂತಿ ಕೆಳಗ, ಪೂರಾ. ಆರಕ್ಕಾರೂ ತಂತಿ ಹಿಡದದ. ಹಿಂಗ ಇದ್ರ ದನಿ… ದನಿ ಬರಲ್ಲ. ಕಟಿಗಿ ಮ್ಯಾಲ ಬೆರಳು ಬಡದಂಗ ಟಪ್ ಟಪ್ ಅಂತಿರ್ತದ ಅಷ್ಟೇ.

…

ತಡಿ, ನಾ ಚ್ಯಾಷ್ಟಿ ಮಾಡ್ದೆ. ಗೊತ್ತಿತ್ತು ನನಗ. ನಿನಗ ಖುಷಿ ಆಗಲಿ ಅಂತ ಹೊಗಳ್ದೆ… ಅಮೂಲ್ಯಾ? ಏನರ ಅನ್ನವ್ವಾ. ಬೈಯಿ ಬೇಕಾದ್ರ.

ಹಂಗ ನನ್ನ ಕಿವಿ ಕಡೆ ನೋಡಬ್ಯಾಡ. ನನಗ ಅಂಜಿಕಿ ಬರ್ತದ.

ನಿಮ್ಮವ್ವ ಹೇಳಿದಳೇನು? ಅನುರಾಧಾ ಹೇಳಿದಳು? ನಿನ್ನ ತಲಿ ಮ್ಯಾಲ ಆಣಿ ಮಾಡಸಿದ್ದೆ, ಹುಡುಗಿಗಿ ಹೇಳಬ್ಯಾಡ ಅಂತ… ಅಲ್ಲ? ತಲಿ ಅಲ್ಲಾಡಸ್ತಿ. ಹಂಗಾದ್ರ ನೀನೇ ತಿಳಕೊಂಡಿ. ನೀನೇ.

ಎರಡು ವರ್ಷ ಆಯ್ತು. ಎದಿ ರೋಗ, ಟಿ.ಬಿ., ತಿರುಗಿ ಬಂದಿತ್ತಲ್ಲ, ಎರಡು ತಿಂಗಳು ಸೂಜಿ ಚುಚ್ಚಿಸಿಕೊಂಡೆ. ಈ ಸೂಜಿಲೆ ಕಿವಿ ಹೋಗಬಹುದು, ಕಿವ್ಯಾಗ ಗುಂಯ್ ಅಂದ್ರ ಮೊದಲ ನನಗ ಹೇಳು ಅಂತ ಡಾಕ್ಟರ್ ಅಂದಿದ್ದ. ಗುಂಯ್ ಅಂತು. ನಾ ಹೇಳಲಿಲ್ಲ. ಸೂಜಿ ನಿಲ್ಲಸ್ತಾರ, ಸತ್ತು ಹೋಗ್ತೀನಿ ಅಂತ ಅಂಜಿದೆ. ಮೊದಲ ಸಣ್ಣ ತಂತಿ ಹೋಯ್ತು, ಆಮ್ಯಾಲ ಹಕ್ಕಿ, ಆಮ್ಯಾಲ ನಿಮ್ಮವ್ವನ ದನಿ. ಈಗ ಏನೂ ಇಲ್ಲ. ಗಿಟಾರ್ ಮಿಸ್ತ್ರಿಗಿ ಕಿವಿ ಕೇಳಲ್ಲ ಅಂದ್ರ ಯಾರು ಬರ್ತಾರ ಈ ಅಂಗಡಿಗಿ? ಅದಕ್ಕೇ ಈ ಕ್ಲಿಪ್ಪು. ಗಿಟಾರಿನ ತಲಿಗಿ ಸಿಗಸಿದ್ರ ನಡುಕ ನೋಡಿ, ತಂತಿ ಬಿಗಿ ಸರಿ ಇದ್ರ ಹಸರು ದೀಪ ಹಚ್ತದ. ಕಿವಿ ಬೇಕಾಗಿಲ್ಲ, ಕಣ್ಣು ಇದ್ರ ಸಾಕು.

ಅವತ್ತೂ ಹಸರು ದೀಪ ಹತ್ತಿತ್ತವ್ವಾ. ಆರೂ ತಂತಿಗಿ.

ನಿಂದರು, ಹೋಗಬ್ಯಾಡ. ಇನ್ನೊಂದದ. ಇದು ಹೇಳದಿದ್ರ ನಾ ಸಾಯ್ತೀನಿ.

ಗ್ಯಾದರಿಂಗ್ ಮುಗಿಸಿ ವಾಪಸ್ ಬರೋ ಮುಂದ, ವೈಜಾಪುರ ಸ್ಟ್ಯಾಂಡಿನ್ಯಾಗ ಬಸ್ಸು ನಿಂತಿತ್ತು. ಜೇಬಿನಿಂದ ಕ್ಲಿಪ್ ತೆಗದು ನೋಡಿದೆ. ಅದರ ಮೂಲ್ಯಾಗ ಒಂದು ಸಣ್ಣ ನಂಬರ್ ಇರ್ತದ. ನಾನೂರಾ ನಲವತ್ತು ಇರಬೇಕು. ಕೀಬೋರ್ಡು, ಹಾರ್ಮೋನಿಯಂ, ಎಲ್ಲ ವಾದ್ಯ ಅದೇ ಮಟ್ಟಕ್ಕ ನಿಲ್ಲೋದು. ನಂದರಾಗ ನಾನೂರಾ ಮೂವತ್ತು ಇತ್ತು. ನಾಸಿಕಿನಿಂದ ಬರೋ ಮುಂದೇ ಜೇಬಿನ್ಯಾಗ ಗುಂಡಿ ಒತ್ತಿ ಹೋಗಿತ್ತು. ಆರೂ ತಂತಿ ಒಂದಕ್ಕೊಂದು ಸರಿ ಇದ್ದವು, ಆದ್ರ ಪೂರಾ ಗಿಟಾರೇ ಕೀಬೋರ್ಡಿಗಿಂತ ಕೆಳಗ ಇತ್ತು. ನೀ ಹೇಳಿದಂಗೇ. ಇಳದಿತ್ತು. ಕಿವಿ ಇದ್ದವರು ಒಂದು ಸಲ ಬಾರಿಸಿದ್ರೇ ಹೇಳ್ತಾರ. ನೀ ಹೇಳಿದಿ.

ಆ ರಾತ್ರಿನೇ ಗೊತ್ತಾಯ್ತು ನನಗ. ತಿರುಗಿ ಹಾಸ್ಟೆಲಿಗಿ ಬರಬೇಕಿತ್ತು. ಬಸ್ಸಿನಿಂದ ಇಳೀಲಿಲ್ಲ. ಮರುದಿನ ಹೇಳೋಣ ಅಂದೆ, ಮುಂದಿನ ವಾರ ಅಂದೆ. ನೀ ಗಿಟಾರು ಬಿಟ್ಟಿ ಅಂತ ಕಾಗದ ಬಂತು, ಆಗೂ ಹೇಳಲಿಲ್ಲ. ನಿನ್ನ ಕಿವಿ ಛಲೋ ಅದ ಅಂದ್ರ ನಂದು ಹೋಗ್ಯಾದ ಅಂತ ಹೇಳಬೇಕಾಗ್ತಿತ್ತು. ಅದಕ್ಕ ನಿಂದೇ ಹೋಗಲಿ ಅಂತ ಬಿಟ್ಟೆ. ಇಷ್ಟೇ. ನಿಮ್ಮಪ್ಪ ಇಷ್ಟೇ.

ಅಮೂಲ್ಯಾ… ಅರವಿ ತೆಗಿ. ಗಿಟಾರು ತಗೊಂಡು ಹೋಗು. ದೊಡ್ಡದು ಬ್ಯಾಡ, ಅದು ನನ್ನಂಥವರಿಗಿ, ಎದಿಗಿ ಬಡಿಯೋದು ಬೇಕಾದವರಿಗಿ. ನಿಂದು ಇದೇ. ಒಂದೊಂದು ತಂತಿ ಕೇಳಿಸಿಕೊಳ್ಳೋರಿಗಿ ಮಾಡಿದ್ದು ಇದು.

ಏನು? ಆ ಕಡೆ ಯಾಕ ತಿರುಗಿದಿ? ಭುಜ ನಡಗ್ಲತ್ತಾವ. ಅಳ್ಲತ್ತೀಯೇನು? ಇಲ್ಲಾ ಏನರ ಹೇಳ್ಲತ್ತೀಯೇನು ನನಗ? ಹೇಳ್ಲತ್ತಿದ್ರ ಈ ಕಡೆ ತಿರುಗವ್ವಾ. ಬೆನ್ನಿನಿಂದ ನನಗ ತಿಳಿಯಲ್ಲ. ಅಮೂಲ್ಯಾ… ಒಂದು ಸಲ ಮಾರಿ ತೋರಸು. ಏನ್ ಹೇಳ್ಲತ್ತಿ?