ಗಾಡಿ ಮುಕ್ಕಾಲು ಗೇಣು ಬೆಳೆದದ್ದು

...ನನಗೆ ಇದನ್ನ ಮೊದಲು ಹೇಳಿದ್ದೇ ಟೈರ್ ಅಂಗಡಿಯವನು ಕಣೇ, ನಿನ್ನಾಣೆ... ಅಲ್ಲಲ್ಲ, ನನಗಲ್ಲ. ನಿಮ್ಮಣ್ಣನಿಗೆ. ನಿಮ್ಮಣ್ಣನಿಗೆ ಹೇಳಿದ್ದು, ಅವರು ಬಂದು ನನಗೆ ಹೇಳಿದ್ದು. "ಪಿಕಪ್ ಗಾಡಿಯ ಸಸ್ಪೆನ್ಷನ್ ಒಂದು ಎತ್ತರಿಸಿಬಿಡಿ, ಆಮೇಲೆ ಹೊಂಡ ಗುಂಡಿ ಎಲ್ಲ ನಿಮಗೆ ಬರೀ ಸುದ್ದಿ" ಅಂದನಂತೆ. ಬರೀ ಸುದ್ದಿ! ಮಾತು ಹೇಗಿದೆ ನೋಡು! ಅಂಥ ಮಾತು ಕಿವಿಗೆ ಬಿದ್ದ ಮೇಲೆ ಯಾರು ತಾನೇ... ನಿಮ್ಮಣ್ಣ ಮರುಳಾದರು ಪಾಪ.

ಮೊದಲು ಆ ಬ್ಯಾಗು ಕೆಳಗಿಡು. ನಿಮ್ಮಮ್ಮನ ಬಟ್ಟೆ ಎಲ್ಲೂ ಓಡಿಹೋಗಲ್ಲ. ಅವರು ಫೋನ್ ಮಾಡಿ "ಬಂದು ನನ್ನ ಕರ್ಕೊಂಡು ಹೋಗು, ಇನ್ನು ಮಗನ ಮನೆ ಸಾಕು" ಅಂದ್ರು, ನೀನು ಕಾರು ತಗೊಂಡು ಬಂದೇಬಿಟ್ಟೆ. ಒಳ್ಳೆ ಮಗಳು, ಇಲ್ಲ ಅನ್ನಲ್ಲ. ಆದ್ರೆ ಐದು ನಿಮಿಷ ಈ ಅತ್ತಿಗೆ ಮಾತೂ ಕೇಳು. ಕೇಳಿದ ಮೇಲೂ ಕರ್ಕೊಂಡು ಹೋಗಬೇಕು ಅನ್ನಿಸಿದ್ರೆ, ಈ ಬ್ಯಾಗನ್ನ ನಾನೇ ನಿನ್ನ ಕಾರಿಗೆ ಹಾಕ್ತೀನಿ... ಮೆಲ್ಲಗೆ, ಮೆಲ್ಲಗೆ! ಕಿಟಕಿ ತೆರೆದಿದೆ. ಅತ್ತೆ ಕಿವಿ ಗೊತ್ತಲ್ಲ, ಟಿವಿ ಜೋರಾಗಿ ಇಟ್ಕೊಂಡೇ ಪಕ್ಕದ ಮನೆ ಪಿಸುಮಾತು ಕೇಳಿಸಿಕೊಳ್ಳೋರು.

ಏನು ಹಾಗೆ ಮೇಲೆ ಕೆಳಗೆ ನೋಡ್ತಿದ್ದೀಯ? ಹೂಂ, ಇದೇ. ಅದೇ ಹಳೇ ಗಾಡಿ. ಬೆಳೆದಿದೆ. ಮುಕ್ಕಾಲು ಗೇಣು. ನೆಂಟರ ಮಕ್ಕಳು ಬೆಳೆಯಲ್ವಾ, ಎರಡು ತಿಂಗಳು ನೋಡದೆ ಇದ್ರೆ? ಹಾಗೇ.

ಏನೇನು ಮಾಡಿಸಿದ್ರು ಅಂತೀಯಾ? ನನಗೇನು ಗೊತ್ತಮ್ಮ, ನಾನು ಓದಿದ್ದು ಚರಿತ್ರೆ. ಮುಂದುಗಡೆ ಸ್ಪ್ರಿಂಗ್ ಮೇಲೆ ಒಂದು ದಪ್ಪ ಬಿಲ್ಲೆ ಕೂರಿಸಿದ್ದಾರೆ, ಹಿಂದುಗಡೆ ಆಕ್ಸಲ್ಲಿಗೂ ಪಟ್ಟೆ ಸ್ಪ್ರಿಂಗುಗಳಿಗೂ ನಡುವೆ ಕಬ್ಬಿಣದ ತುಂಡು. ಅಷ್ಟೇ. ಬ್ರೇಕಿನ ಪೈಪು ಮಾತ್ರ ಉದ್ದದ್ದು ಹಾಕಿಸಬೇಕು, ಇಲ್ಲಾಂದ್ರೆ ಚಕ್ರ ಗುಂಡಿಗೆ ಇಳಿದಾಗ ಎಳೆದು ಕಿತ್ತು ಬರುತ್ತೆ. ಚಕ್ರದ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕು. ಹೆಡ್‌ಲೈಟ್ ತಗ್ಗಿಸಬೇಕು, ಇಲ್ಲಾಂದ್ರೆ ಎದುರಿಗೆ ಬರೋನ ಕಣ್ಣಿಗೇ ಹೊಡೆಯುತ್ತೆ. ಸ್ವಲ್ಪ ದಿನ ಓಡಿದ ಮೇಲೆ ಬೋಲ್ಟುಗಳನ್ನ ಇನ್ನೊಂದು ಸಲ ಬಿಗಿ ಮಾಡಿಸಬೇಕು, ಅದನ್ನ ಮಾತ್ರ ಮರೆಯಬಾರದು... ಯಾಕೆ, ಹುಬ್ಬು ಯಾಕೆ ಮೇಲೆ ಹೋಯ್ತು? ಕೇಳಿಸಿಕೊಂಡಿದ್ದು ಕಣೇ! ಊಟಕ್ಕೆ ಕೂತಾಗಲೂ ಇದೇ ಪುರಾಣ ಆದ್ರೆ ಕಿವಿಗೆ ಬೀಳಲ್ವಾ?

ಏನಂದೆ? ಸೋಫಾ ಹೊತ್ತು ಗಾಡಿಗೆ ಹಾಕೋನು ಅವನೇ, ಗಾಡಿಯನ್ನ ಯಾಕೆ ಎತ್ತರಿಸಿಕೊಂಡ ಅಂತಾನಾ? ...ಒಳ್ಳೆ ಪ್ರಶ್ನೆ. ಬಹಳ ಒಳ್ಳೆ ಪ್ರಶ್ನೆ. ಅಲ್ಲವೇ, ಹಳೇ ಸೋಫಾಗೆ ಹೊಸ ಸ್ಪ್ರಿಂಗು, ಹೊಸ ಬಟ್ಟೆ ಹಾಕೋ ಮನುಷ್ಯ. ದಿನಾ ಒಂದಲ್ಲ ಒಂದು ಸೋಫಾ ಎತ್ತಿ ಇಳಿಸಬೇಕು. ಮೊದಲು ಸೊಂಟದ ಮಟ್ಟಕ್ಕೆ ಎತ್ತಿದ್ರೆ ಆಗ್ತಿತ್ತು, ಈಗ ಎದೆ ಮಟ್ಟಕ್ಕೆ. ಬೆನ್ನಿಗೆ ಮುಲಾಮು ತಿಕ್ಕಿ ತಿಕ್ಕಿ ನನ್ನ ಕೈಯೇ ಮುಲಾಮಾಗಿದೆ. ಆದ್ರೂ ಒಂದು ದಿನ ಗೊಣಗಿಲ್ಲ ನೋಡು! ಗಂಡಸರ ಹಟ. ತಾನೇ ಮಾಡಿಕೊಂಡದ್ದನ್ನ ತಾನೇ ಅನುಭವಿಸಬೇಕಲ್ಲ.

ಚಿಕ್ಕವನಿದ್ದಾಗ ಏಣಿಯ ಮೂರನೇ ಮೆಟ್ಟಿಲಿಗೇ ಕಣ್ಣು ಮುಚ್ಚಿಕೊಳ್ತಿದ್ನಾ? ಹೌದಾ? ...ಮನುಷ್ಯ ಬದಲಾಗ್ತಾನೆ ಕಣೇ. ಈಗ ನೋಡಬೇಕು ನೀನು, ಸ್ಟೀರಿಂಗನ್ನ ನನಗೆ ಮುಟ್ಟೋಕೂ ಕೊಡಲ್ಲ! ಸಾಮಾನು ತರೋದು, ತಲುಪಿಸೋದು ಎಲ್ಲ ಮೊದಲು ನನ್ನ ಕೆಲಸ ಆಗಿತ್ತಾ ಇಲ್ವಾ? ಎತ್ತರಿಸಿದ ಮೇಲೆ ಒಂದು ಸಲ, ಒಂದೇ ಒಂದು ಸಲ ನಾನು ಆ ಸೀಟಲ್ಲಿ ಕೂತಿಲ್ಲ. ಎಲ್ಲಾ ಅವರೇ.

ಕಷ್ಟ ಇಲ್ವಾ ಅಂದ್ರೆ ಇದೆ. ಶೆಡ್ಡಿನ ತಗಡಿಗೆ ತಲೆ ತಾಗುತ್ತೆ, ಅದಕ್ಕೇ ಈಗ ಬೀದೀಲೇ ಇದರ ಸಂಸಾರ. ಬ್ರೇಕ್ ಹಾಕಿದ್ರೆ ಮೂಗು ತಗ್ಗಿಸಿ ನೆಲ ಮೂಸುತ್ತೆ. ತಿರುವಿನಲ್ಲಿ ಒಂದು ಕ್ಷಣ ತಡೆದು ಹಿಂಬದಿ ವಾಲುತ್ತೆ, ನಿದ್ದೆಗಣ್ಣಲ್ಲಿ ಎದ್ದ ಆನೆ ಹಾಗೆ. ಡೀಸೆಲ್ ಅಂತೂ ಅಳಿಯ ಬಂದ ಮನೆಯ ಹಾಲಿನ ಹಾಗೆ ಖಾಲಿ. ಆದ್ರೆ... ಆದ್ರೆ ಮೇಲೆ ಕೂತ್ರೆ ಇದೆಯಲ್ಲ! ಬಸ್ ಡ್ರೈವರಿನ ಕಣ್ಣಿಗೆ ಕಣ್ಣು ಸಮ! ಮುಂದೆ ನಾಲ್ಕು ಗಾಡಿ ಆಚೆ ಯಾರು ಬ್ರೇಕ್ ಹಾಕಿದ ಅಂತ ಕಾಣುತ್ತೆ. "ಅಮ್ಮಾ, ಮನೆಗೆ ಹೋಗಿ ಒಲೆ ನೋಡ್ಕೊಳ್ಳಮ್ಮಾ" ಅಂತ ಹಾರ್ನ್ ಹೊಡೀತಿದ್ದ ಲಾರಿಯವನು ಈಗ ತಾನಾಗೇ ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ, ಕೈ ಬೇರೆ ಎತ್ತುತ್ತಾನೆ...

ಯಾಕೆ ನಗ್ತೀಯ? ನಿಮ್ಮಣ್ಣನನ್ನ "ಅಮ್ಮಾ" ಅಂತ ಯಾರು ಕರೀತಾರೆ ಅಂತಾನಾ? ...ಮಾತಿಗೆ ಹೇಳಿದೆ ಮಾರಾಯ್ತಿ. ಪ್ರತಿ ಅಕ್ಷರ ಹಿಡಿದು ಜಗ್ಗಬೇಡ.

ಅತ್ತೆ ವಿಷಯಕ್ಕೆ ಬರ್ತೀನಿ ಇರು. ಒಂದು ಭಾನುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಎತ್ತರ ಆದ ಮೇಲೆ ಅವರು ಹತ್ತಿದ್ದು ಅದೇ ಮೊದಲು. ಕೆಳಗಿಂದ ನಿಮ್ಮಣ್ಣ ತಳ್ಳೋದು, ಮೇಲಿಂದ ನಾನು ಎಳೆಯೋದು, ಮಧ್ಯದಲ್ಲಿ ನಿಮ್ಮಮ್ಮ "ಬಿಡ್ರೋ, ನಾನೇನು ಗೋಣಿಚೀಲವಾ" ಅನ್ನೋದು. ಎದುರುಮನೆ ದಂತವೈದ್ಯರು ಬಾಲ್ಕನಿಯಲ್ಲಿ ನಿಂತು "ಹಾಂ, ಇನ್ನೊಂದು ಸಲ, ಹೈಸಾ" ಅಂತಿದ್ರು. ಹತ್ತಿದ್ರು. ಹೋದ್ವಿ. ಬಂದ್ವಿ. ಇಳಿಯೋದೇ ತಮಾಷೆ ಆಗಿದ್ದು... ತಮಾಷೆ ಅಲ್ಲ, ತಪ್ಪಾಯ್ತು. ಸ್ಟೂಲು ಹಾಕ್ತೀವಿ ಅಂದ್ರೆ "ಅಲ್ಲಾಡುತ್ತೆ, ಬೇಡ" ಅಂದ್ರು. ಕುರ್ಚಿ ಕಿರಿದಾಯ್ತು. ಆಗ ನಿಮ್ಮಣ್ಣನಿಗೆ ಹೊಳೀತು, ಒಳಗೆ ಗಿರಾಕಿಯ ಸೋಫಾ ರೆಡಿಯಾಗಿ ನಿಂತಿದೆ, ಅಗಲ, ಗಟ್ಟಿ, ಅಲ್ಲಾಡಲ್ಲ. ತಂದು ಗಾಡಿ ಪಕ್ಕಕ್ಕೇ ಇಟ್ಟರು. "ಇದರ ಮೇಲೆ ಕಾಲಿಡಿ ಅಮ್ಮ, ಹಾಸಿಗೆ ಮೇಲೆ ಇಳಿದ ಹಾಗಿರುತ್ತೆ."

ಹಾಸಿಗೆ! ಹಿಂದಿನ ದಿನ ತಾನೇ ಹಾಕಿದ ಹೊಸ ಸ್ಪ್ರಿಂಗು! ಎಲ್ಲ ಸೋಫಾ ಕೆಲಸದವರಿಗೂ ಗೊತ್ತು, ಹೊಸ ಸ್ಪ್ರಿಂಗಿನ ಮೇಲೆ ಕೂರಬಹುದು, ನಿಲ್ಲಬಾರದು. ಅಮ್ಮನ ಕಾಲು ಕಂಡ ಕೂಡಲೇ ಇವರಿಗೆ ಕಸುಬೇ ಮರೆತುಹೋಯ್ತು. ಅತ್ತೆ ಎರಡೂ ಕಾಲು ಇಟ್ಟರು... ಸೋಫಾ ಒಂದು ಸಲ ಒಳಗೆ ಹೋಯ್ತು... ಆಮೇಲೆ ವಾಪಸ್ ಬಂತು. ಅತ್ತೆ ಸಮೇತ! ನೇರ ಹಾರಿ ನಿಮ್ಮಣ್ಣನ ಕೊರಳಿಗೆ ಬಿದ್ದು, ಇಬ್ಬರೂ ಸೇರಿ ಹೂಕುಂಡಗಳ ಮಧ್ಯೆ ಕೂತ್ರು. ದಂತವೈದ್ಯರು ಚಪ್ಪಾಳೆ ತಟ್ಟಿದ್ರು ಕಣೇ!

...ನಕ್ಕುಬಿಡು, ನಕ್ಕುಬಿಡು, ನಾನೂ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ. ಮೈಗೆ ಒಂದು ಗೀರೂ ಇಲ್ಲ. ಪೆಟ್ಟಾದದ್ದು ಮರ್ಯಾದೆಗೆ.

ಅತ್ತೆ ಎದ್ದು, ಮಣ್ಣು ಕೊಡವಿಕೊಂಡು ಒಂದೇ ಮಾತು ಕೇಳಿದ್ರು. "ಗಾಡಿ ಎತ್ತರಿಸೋ ಬುದ್ಧಿ ಯಾರದ್ದು?" ನಿಮ್ಮಣ್ಣ ಒಂದು ಸಲ ನನ್ನ ಮುಖ ನೋಡಿದ್ರು. ಆಮೇಲೆ, "ನಂದೇ ಅಮ್ಮ" ಅಂದ್ರು. ಅಷ್ಟೇ. ಅವತ್ತಿಂದ ಮಗನ ಜೊತೆ ಮಾತಿಲ್ಲ. ಒಂದೇ ಮೇಜಿಗೆ ಕೂತು "ನಿನ್ನ ಗಂಡನಿಗೆ ಹೇಳು, ಉಪ್ಪು ಕೊಡಲಿ" ಅಂತಾರೆ. ಉಪ್ಪು ಅವರ ಮೊಣಕೈ ಹತ್ತಿರವೇ ಇರುತ್ತೆ! ನನ್ನ ಮೇಲಂತೂ ಪ್ರೀತಿ ಉಕ್ಕಿ ಹರೀತಿದೆ. "ನೀನು ಓದಿದವಳು, ಇಂಥ ಹುಚ್ಚಾಟಕ್ಕೆ ನೀನಾದ್ರೂ ಅಡ್ಡ ಬರಬಾರದಿತ್ತಾ ಮಗಳೇ" ಅಂತ ತಲೆ ಸವರ್ತಾರೆ. ಸವರಿದಷ್ಟೂ ನನ್ನ ತಲೆ ಕೆಳಗೆ ಕೆಳಗೆ ಹೋಗುತ್ತೆ... ಯಾಕೆ ಅಂದ್ರೆ? ಸೊಸೆ ಅಲ್ವಾ, ವಿನಯ!

ನಿಮ್ಮಣ್ಣ ಹಿಂದಿನ ಶೆಡ್ಡಲ್ಲಿ ಕೂತಿದ್ದಾರೆ. ಬೆಳಗ್ಗೆಯಿಂದ ಒಂದೇ ಕುಶನ್ನನ್ನ ಹೊಲಿದು ಬಿಚ್ಚಿ, ಹೊಲಿದು ಬಿಚ್ಚಿ ಮಾಡ್ತಿದ್ದಾರೆ. "ಮಾತಾಡದೆ ಇದ್ರೂ ಪರವಾಗಿಲ್ಲ, ಅಮ್ಮ ಕಣ್ಣೆದುರಿಗೆ ಇದ್ದಿದ್ರೆ ಸಾಕಿತ್ತು" ಅಂದ್ರು ನನ್ನ ಹತ್ತಿರ. ಅದನ್ನ ಕೇಳಿಯೂ ನಾನು... ಇರಲಿ.

ಇಳಿಸಿಬಿಡಬಹುದಲ್ಲ ಅಂತೀಯಾ? ಇಳಿಸಬಹುದು. ಒಂದು ಬೆಳಗಿನ ಕೆಲಸ. ಆದ್ರೆ ನೀನು ಒಂದು ಸಲ ಮೇಲೆ ಕೂತು ನೋಡು ಮೊದಲು, ಆಮೇಲೆ ಬೈ ನಿಮ್ಮಣ್ಣನನ್ನ. ಬಾ. ಆ ಕಡೆ ಹೋಗು, ಡ್ರೈವರ್ ಸೀಟಿಗೇ ಹತ್ತು. ನಾನು ಈ ಕಡೆಯಿಂದ ಹತ್ತುತ್ತೀನಿ. ಆ ಹಿಡಿ ಹಿಡ್ಕೋ, ಒಂದು ಕಾಲು ಅಲ್ಲಿ, ಸೊಂಟ ತಿರುಗಿಸು, ಹಾಂ... ನೋಡಿದ್ಯಾ! ಕಾಂಪೌಂಡ್ ಗೋಡೆ ಆಚೆ ಎಲ್ಲಾ ಕಾಣುತ್ತಾ? ಬೀದಿ ತುದಿ ಕಾಣುತ್ತಾ?

...ಏನಾಯ್ತು? ಯಾಕೆ ಅರ್ಧಕ್ಕೇ ನಿಂತೆ? ಮೊಣಕಾಲು? ಸ್ಟೀರಿಂಗಿಗೆ ಸಿಕ್ಕಿಹಾಕಿಕೊಳ್ತಾ?

ಓ. ಸೀಟು... ಸೀಟು ಮುಂದಕ್ಕಿದೆ. ಲಿವರ್ ಕೆಳಗಿದೆ ನೋಡು, ಎಳೆದು ಹಿಂದಕ್ಕೆ... ಹೂಂ, ಪೂರ್ತಿ ಮುಂದಕ್ಕಿದೆ. ಕೊನೇ ತನಕ. ಅದು, ನಿಮ್ಮಣ್ಣ ಇತ್ತೀಚೆಗೆ... ಹತ್ತಿರ ಕೂತು... ಅಂದ್ರೆ ಕಣ್ಣು...

ಗೊತ್ತು. ನಿಮ್ಮ ಮನೆಯವರೆಲ್ಲ ಉದ್ದ. ಅವರು ನಿನಗಿಂತ ಒಂದು ಹಿಡಿ ಜಾಸ್ತಿಯೇ.

ಇಷ್ಟು ಹೊತ್ತು ಮಾತು ಮಾತಿಗೆ ನಗ್ತಿದ್ದೆ, ಈಗ ನಗು. ಬೈ. ಸೀಟನ್ನೂ ನನ್ನ ಗಿಡ್ಡ ಕಾಲನ್ನೂ ಹಾಗೆ ಅಳೀಬೇಡ, ನನಗಾಗಲ್ಲ...

ಹೂಂ.

ಹೂಂ ಕಣೇ, ನಾನೇ. ಒಬ್ಬಳೇ ಹೋಗಿ ಮಾಡಿಸಿಕೊಂಡು ಬಂದೆ. ಗೇಟಿನ ಹತ್ತಿರ ನಿಲ್ಲಿಸಿ ಹಾರ್ನ್ ಹೊಡೆದೆ, ನಿಮ್ಮಣ್ಣ ಸೂಜಿ ಕೈಯಲ್ಲಿ ಹಿಡಿದೇ ಓಡಿ ಬಂದ್ರು. ಗಾಡಿ ನೋಡಿದ್ರು, ನನ್ನ ಮುಖ ನೋಡಿದ್ರು. "ಚೆನ್ನಾಗಿ ಕಾಣ್ತೀಯ ಅಲ್ಲಿ" ಅಂದ್ರು. ಅಷ್ಟೇ ಕಣೇ ಅವರು ಮಾಡಿದ ಅಪರಾಧ. ಅವರು "ನಂದೇ ಅಮ್ಮ" ಅಂದಾಗ ನಾನು ಒಂದೇ ಒಂದು ಹೆಜ್ಜೆ ಮುಂದೆ ಇಟ್ಟಿದ್ರೆ ಆಗ್ತಿತ್ತು, ಆಗಲಿಲ್ಲ. ಆಮೇಲೆ, ಹೇಳಿದ್ರೆ ಅತ್ತೆ ಕೈ ನನ್ನ ತಲೆ ಸವರೋದು ನಿಂತುಬಿಡುತ್ತೆ ಅನ್ನಿಸ್ತು. ಈಗ ಆ ಕೈಯೇ ಊರು ಬಿಟ್ಟು ಹೋಗ್ತಿದೆ.

ನಾನಾ? ನಾನೇ ಹೋಗಿ ಹೇಳೋದಾ? ಬಾಗಿಲ ತನಕ ಹೋಗಿದ್ದೆ ಎಷ್ಟೋ ಸಲ. "ಬಾ ಮಗಳೇ" ಅಂತಾರೆ, ಅಲ್ಲಿಗೆ ಮಾತು ಹೂತುಹೋಗುತ್ತೆ. ನೀನು ಹೇಳು. ಮಗನ ಬುದ್ಧಿ ಅಲ್ಲ, ಸೊಸೆ ಬುದ್ಧಿ ಅಂತ ಹೇಳು. ಗಾಡಿಗೆ ಎರಡು ಮೆಟ್ಟಿಲು ಹಾಕಿಸ್ತಾಳಂತೆ ಅಂತ ಹೇಳು. ಪೂರ್ತಿ ಇಳಿಸ್ತಾಳೆ ಅಂತ ಮಾತ್ರ ನೀನಾಗೇ ಹೇಳಬೇಡ... ಅವರೇ ಕೇಳಿದ್ರೆ, ಸರಿ, ಅದನ್ನೂ ಹೇಳು. ನಿಮ್ಮಣ್ಣನನ್ನೂ ಶೆಡ್ಡಿಂದ ಕರಿ, ತಾಯಿ ಮಗ ಒಟ್ಟಿಗೆ ನಿಂತು ಬೈಯಲಿ ನನ್ನ. ಒಟ್ಟಿಗೆ, ತಿಳೀತಾ?

ಹೋಗು. ಹುಷಾರಾಗಿ ಇಳಿ. ನಾನು ಇಲ್ಲೇ ಕೂತಿರ್ತೀನಿ. ಇಲ್ಲಿಯ ತನಕ ಹತ್ತಿ ಬರೋದು ಅತ್ತೆ ಕೈಲಿ ಆಗಲ್ಲ.